ಹಾಸು ಹಿಡಿಯುವ ಓಣಿ

ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತಾಗ ತಿಪ್ಪವ್ವನಿಗೆ ಮೊದಲು ತಾಕಿದ್ದು ಮಣ್ಣಿನ ತಂಪು. ಆಮೇಲೆ ಹಿಮ್ಮಡಿಗೆ ಎರಡು ಸಣ್ಣ ತಗ್ಗು ಸಿಕ್ಕವು. ಯಾರೋ ವರ್ಷಗಟ್ಟಲೆ ಅಲ್ಲೇ ಕೂತು ಮಗ್ಗ ತುಳಿದು ತುಳಿದು ನೆಲದಲ್ಲಿ ತಮ್ಮ ಪಾದದ ಗುರುತು ಬಿಟ್ಟಿದ್ದರು. ಅವಳ ಹಿಮ್ಮಡಿಗಳು ತಾವಾಗಿಯೇ ಹೋಗಿ ಅದರಲ್ಲಿ ಕೂತವು. ಎದುರಿಗೆ ಮಗ್ಗವಿರಲಿಲ್ಲ, ಬಿಚ್ಚಿ ಗೋಡೆಗೆ ಆನಿಸಿದ್ದರು. ಮಾಳಿಗೆಯ ಬೆಳಕಿಂಡಿಯಿಂದ ಇಳಿದ ಬಿಸಿಲು ಮಾತ್ರ ನೆಲದ ಮೇಲೆ ಉದ್ದಕ್ಕೆ ಹಾಸಿಕೊಂಡಿತ್ತು. ತಿಪ್ಪವ್ವ ಲಾಳಿ ಒಗೆಯುವ ಹಾಗೆ ಬಲಗೈಯನ್ನು ಸುಮ್ಮನೆ ಆಡಿಸಿದಳು. ಬಿಸಿಲು ಅವಳ ಕೈಮೇಲೆ ಹಾದು ಹೋಯಿತು.

"ನಿನ್ನ ಕಾಲಿಂದ ಅಳತಿ ತಗೊಂಡ ತೋಡಿದಂಗ ಐತಲ್ಲ ತಂಗಿ," ಎಂದಳು ಮನೆಯೊಡತಿ ಶಿವಬಸವ್ವ. "ನಮ್ಮತ್ತಿ ತೋಡ್ಸಿದ್ದು. ಆಕಿ ಆದಮ್ಯಾಲೆ ನಾ ಕುಂತೆ. ನನ್ನ ಸೊಸಿ ಕುಂದರ್ಬೇಕಾಗಿತ್ತು. ಆಕಿ ಸೊಲ್ಲಾಪುರದಾಗ ಗಂಡಗ ಬುತ್ತಿ ಕಟ್ಟಾಕತ್ತಾಳ."

ಒಳಕೋಣೆಯಲ್ಲಿ ತಿಪ್ಪವ್ವನ ಗಂಡ ಮುದಿಯಪ್ಪ ಗೋಡೆ ಬಡಿದು ನೋಡಿ, ಜಂತಿಗೆ ಗೆದ್ದಲು ಹತ್ತಿದೆಯೇ ಎಂದು ಕತ್ತೆತ್ತಿ ನಿಂತಿದ್ದ. ಕೊಳ್ಳುವ ಬೆಲೆ ಇಳಿಸಲು ಅವನಿಗೆ ಮನೆಯ ತಪ್ಪು ಬೇಕಾಗಿತ್ತು, ಒಂದೂ ಸಿಗುತ್ತಿರಲಿಲ್ಲ.

ತವರಿನಲ್ಲಿ ತಿಪ್ಪವ್ವನಿಗೆ ತನ್ನದೇ ಮಗ್ಗವಿತ್ತು. ಅವಳು ನೇಯ್ದ ಪಟ್ಟೇದ ಅಂಚಿನ ಸೀರೆಯನ್ನು ಅವಳಪ್ಪ ಗಿರಾಕಿಗೆ ಮೊದಲು ಬಿಚ್ಚಿ ತೋರಿಸುತ್ತಿದ್ದ. ಮದುವೆಯಾಗಿ ಬಂದದ್ದು ಬಾಡಿಗೆ ಮನೆಗೆ. ಅಲ್ಲಿ ಒಂದೇ ಕುಣಿ, ಅದರಲ್ಲಿ ಮುದಿಯಪ್ಪ. ಅವಳ ಪಾಲಿಗೆ ರಾಟಿ, ಲಾಳಿಯೊಳಗಿಡುವ ನೂಲಿನ ಕಂಡಕಿ ಸುತ್ತುವ ಕೆಲಸ. ಇನ್ನೊಂದು ಕುಣಿ ತೋಡಿಕೊಳ್ಳುತ್ತೇವೆ ಎಂದು ಪ್ರತಿ ಯುಗಾದಿಗೂ ಕೇಳುತ್ತಿದ್ದರು. ಮನೆಯ ಮಾಲಕ ಚಂದ್ರಶೇಖರಪ್ಪ ಪ್ರತಿ ಸಲವೂ ಅದೇ ಮಾತಿನಿಂದ ನಗಿಸಿ ಕಳಿಸುತ್ತಿದ್ದ: "ಒಂದು ಕುಣಿ ಮಗ್ಗಕ್ಕಾತು. ಇನ್ನೊಂದರಾಗ ಯಾರನ್ನ ಹುಗೀತಿ, ನನ್ನನ್ನ?"

ಐವತ್ಮೂರನೇ ಇಸವಿಯ ಆ ಬೇಸಿಗೆಯಲ್ಲಿ ಗಜೇಂದ್ರಗಡದಲ್ಲಿ ನೇಕಾರರ ಮನೆಗಳು ಸೋವಿಯಾಗಿದ್ದವು, ಉಳಿದದ್ದೆಲ್ಲ ತುಟ್ಟಿ. ಗಿರಣಿ ಸೀರೆ ಸಂತೆಗೆ ಬಂದು ಬಿದ್ದ ಮೇಲೆ ಪೇಟೆಯ ವ್ಯಾಪಾರಿ ಕೈಮಗ್ಗದ ಸೀರೆಯ ಅಂಚನ್ನು ಹೆಬ್ಬೆರಳಿನಿಂದ ಸವರಿ, "ಚಲೋ ಐತಿ, ಮುಂದಿನ ವಾರ ನೋಡೂಣು" ಎಂದು ಬದಿಗಿಡುತ್ತಿದ್ದ. ಜನ ಮಗ್ಗ ಬಿಚ್ಚಿ ಗಿರಣಿ ಇದ್ದ ಊರುಗಳಿಗೆ ಹೊರಟಿದ್ದರು.

"ಎರಡು ವರ್ಷದ ಹಿಂದ ಎಂಟನೂರಕ್ಕ ಕೇಳಿದ್ರು, ನಮ್ಮ ಯಜಮಾನ್ರು ಕೊಡ್ಲಿಲ್ಲ," ಎಂದಳು ಶಿವಬಸವ್ವ. ಅವಳ ಗಂಡ ಆಗಲೇ ಮಗನ ಹತ್ತಿರ ಸೊಲ್ಲಾಪುರ ಸೇರಿದ್ದ. ಮನೆ ಮಾರಿ ಬರುವ ಜವಾಬ್ದಾರಿ ಇವಳ ಮೇಲೆ ಬಿದ್ದಿತ್ತು. "ಈಗ ನಾಕನೂರು ಅಂತೀನಿ. ಮುಶಿಗೇರಿಯಿಂದ ಒಬ್ಬಾಂವ ಬಂದಿದ್ದ, ಒಕ್ಕಲುತನದಾಂವ. ಹೊಟ್ಟು ಮೇವು ತುಂಬಾಕ ಬೇಕಂತ. ಕುಣಿ ನೋಡಿ, 'ಇದನ್ನ ಮುಚ್ಚಾಕ ಎಷ್ಟು ಬಂಡಿ ಮಣ್ಣು ಹಿಡೀತತಿ' ಅಂದ. ಆಮ್ಯಾಲೆ ಹೇಳ್ತೀನಿ ಅಂತ ಸಾಗಹಾಕಿದೆ."

"ನಾಕನೂರು ಅಂದ್ರ ನಾಕನೂರ ಏನ್ರೀ ಅಕ್ಕಾರ?" ಎಂದ ಮುದಿಯಪ್ಪ.

"ಕಮ್ಮಿ ಮಾಡ್ರಿ ಅಂತ ನೀ ಅಂತಿ, ಆಗಂಗಿಲ್ಲ ಅಂತ ನಾ ಅಂತೀನಿ. ಮೊದಲ ಒಂದು ತಂಬಿಗಿ ನೀರು ಕುಡಿ."

ಅವರು ಹೊರಬಿದ್ದಾಗ ನಡುಮಧ್ಯಾಹ್ನ. ಓಣಿ ನೆಟ್ಟಗೆ, ಅಗಲವಾಗಿ, ಕೊನೆಯ ಬೇವಿನ ಮರದವರೆಗೂ ಮಲಗಿತ್ತು. ಎಲ್ಲ ಕದ ಮುಚ್ಚಿದ್ದವು. ಒಂದು ಮಗ್ಗದ ಸಪ್ಪಳವೂ ಇರಲಿಲ್ಲ. ಅದು ಅಮಾವಾಸ್ಯೆ. ಅಮಾವಾಸ್ಯೆಯ ದಿನ ಯಾವ ನೇಕಾರನೂ ಲಾಳಿ ಮುಟ್ಟುವುದಿಲ್ಲ. ಉಂಡು ಮಲಗಿದ್ದಾರೆ ಎಂದುಕೊಂಡು ಇಬ್ಬರೂ ಚಪ್ಪಲಿ ಸಪ್ಪಳ ಮಾಡದ ಹಾಗೆ ನಡೆದರು.

ಮರುದಿನ ಮುದಿಯಪ್ಪ ಲಾಳಿ ಒಗೆಯುತ್ತಲೇ ಲೆಕ್ಕ ಶುರು ಮಾಡಿದ.

"ಜ್ವಾಳ ರೂಪಾಯಿಗೆ ಎರಡು ಸೇರಿಗೆ ಬಂತು." ಟಪ್. "ಚಿಮಣಿ ಎಣ್ಣಿ ಏರೇತಿ." ಟಪ್. "ನೂಲಿನ ಮಾತಂತೂ ಆಡೂದ ಬ್ಯಾಡ."

"ತಿಂಗಳಾ ಬಾಡಿಗಿ ಐದು ರೂಪಾಯಿ ಉಳೀತತಲ್ರೀ," ಎಂದಳು ರಾಟಿಯ ಮುಂದಿದ್ದ ತಿಪ್ಪವ್ವ.

"ಐದು ರೂಪಾಯಿ ಉಳದು ನಾಕನೂರಾಗಬೇಕಂದ್ರ ನಮ್ಮ ಮಕ್ಕಳು ಲಗ್ನಕ್ಕ ಬಂದಿರ್ತಾವ."

"ನಾನೂ ನೇಯ್ತೀನಲ್ಲ. ಅದನ್ನ ಲೆಕ್ಕಕ್ಕ ಹಿಡೀರಿ."

ಟಪ್ ಎನ್ನುವ ಸಪ್ಪಳ ನಿಂತಿತು. ಮುದಿಯಪ್ಪ ತಿರುಗಿ ಅವಳನ್ನು ನೋಡಿದ. ಅವನು ಕೂಡಿಟ್ಟದ್ದು ಮುನ್ನೂರರ ಹತ್ತಿರ ಬರುತ್ತಿತ್ತು. ಉಳಿದದ್ದು ಎಲ್ಲಿದೆ ಎಂದು ಇಬ್ಬರಿಗೂ ಗೊತ್ತಿತ್ತು. ಅವಳ ಕೊರಳಲ್ಲಿ ತವರಿನ ಬಂಗಾರದ ಗುಂಡಿನ ಸರವಿತ್ತು.

"ನಿನ್ನ ಕೊಳ್ಳಾಗಿಂದು ತಗದು ಮನಿ ತಗೊಂಡ ಅಂತ ಮಂದಿ ನನಗ ಅನ್ನಬೇಕೇನು?"

"ಕೊಳ್ಳಾಗ ಬಿದ್ಕೊಂಡಿದ್ರ ಅದೇನು ಸೀರಿ ನೇಯ್ತತೇನು?"

ಮುದಿಯಪ್ಪ ನಕ್ಕುಬಿಟ್ಟ. ಲಾಳಿ ಮತ್ತೆ ಓಡತೊಡಗಿತು, ಸ್ವಲ್ಪ ಲಗೂನೇ ಓಡಿತು.

ಆ ವಾರವೆಲ್ಲ ತಿಪ್ಪವ್ವ ಎರಡು ಮನೆಯಲ್ಲಿ ಬದುಕಿದಳು. ಈ ಮನೆಯಲ್ಲಿ ರೊಟ್ಟಿ ಬಡಿಯುವಾಗ ಆ ಮನೆಯ ಒಲೆ ಯಾವ ಮೂಲೆಗೆ ಎಂದು ಯೋಚಿಸುತ್ತಿದ್ದಳು. ಮಕ್ಕಳಿಗೆ ತಲೆ ಬಾಚುವಾಗ ಆ ಮನೆಯ ಗೋಡೆಗೆ ಸುಣ್ಣ ಬಳಿಯುತ್ತಿದ್ದಳು. ರಾಟಿ ತಿರುಗುವಾಗ ಕಣ್ಣು ಅರೆಮುಚ್ಚಿದರೆ ಸಾಕು, ಬೆಳಕಿಂಡಿಯ ಬಿಸಿಲು ಇಳಿದು ಬರುತ್ತಿತ್ತು. ಅವಳು ಕುಣಿಯಲ್ಲಿ ಕೂತಿರುತ್ತಿದ್ದಳು. ಕೆಂಪು ಅಂಚು ಬೆರಳ ತುದಿಯಿಂದ ಹುಟ್ಟಿ ಹುಟ್ಟಿ ಮುಂದೆ ಸಾಗುತ್ತಿತ್ತು. ಸೀರೆ ಎಂಟು ಮೊಳಕ್ಕೆ ನಿಲ್ಲಲಿಲ್ಲ, ಹದಿನಾರಕ್ಕೂ ನಿಲ್ಲಲಿಲ್ಲ. ಹೊಸ್ತಿಲು ದಾಟಿ, ಓಣಿಯುದ್ದಕ್ಕೂ ಹರಿದು, ಬೇವಿನ ಮರ ಸುತ್ತಿ, ಗುಡ್ಡದ ಕೋಟೆಯ ಗೋಡೆಗೆ ಹೋಗಿ ತಾಗುತ್ತಿತ್ತು. ಕಂಡಕಿ ತುಂಬಿ ನೂಲು ಉಕ್ಕಿ ಮಗ್ಗುಲಿಗೆ ಬೀಳುವವರೆಗೂ ಅವಳಿಗೆ ಎಚ್ಚರವಾಗುತ್ತಿರಲಿಲ್ಲ.

ಮನೆ ಕೊಳ್ಳುವ ನೇಕಾರ ಸಂಚಕಾರದ ಮುಂಗಡ ಕೊಡುವ ಮೊದಲು ಆ ಓಣಿಯಲ್ಲಿ ಒಂದು ಹಾಸು, ಅಂದರೆ ಮಗ್ಗಕ್ಕೇರಿಸುವ ಉದ್ದೆಳೆ ನೂಲು, ಎಳೆದು ಕಟ್ಟಿ ಗಂಜಿ ಹಿಡಿಸಬೇಕು ಎನ್ನುವ ರೂಢಿ ಅವರ ಕಡೆ ಇತ್ತು. ಅದು ಸರಾಗವಾಗಿ ನಡೆದರೆ ಮನೆ ಕೈಹಿಡಿಯುತ್ತದೆ ಎನ್ನುತ್ತಿದ್ದರು. ಮುದಿಯಪ್ಪನಿಗೆ ಅದು ಬರೀ ಶಾಸ್ತ್ರ. ಹಾಸು ಹೇಗೂ ತಯಾರಿತ್ತು, ಇಲ್ಲಿ ಕಟ್ಟುವ ಬದಲು ಅಲ್ಲಿ ಕಟ್ಟಿದರಾಯಿತು.

ಗುಡ್ಡ ಇನ್ನೂ ಮಬ್ಬಿನಲ್ಲಿದ್ದಾಗಲೇ ಇಬ್ಬರೂ ಊರಿನ ಆ ಬದಿಗೆ ಹೋದರು. ಅವನ ಹೆಗಲ ಮೇಲೆ ಸುತ್ತಿದ ಹಾಸು, ಅವಳ ತಲೆಯ ಮೇಲೆ ಗಂಜಿಯ ಗಡಿಗೆ. ಗೂಟ ಬಡಿದು, ಕವೆಗೋಲು ನಿಲ್ಲಿಸಿ, ಶಿವಬಸವ್ವನ ಕಟ್ಟೆಯಿಂದ ಬೇವಿನ ಮರದವರೆಗೆ ನೂಲನ್ನು ಎಳೆದು ಬಿಗಿದರು. ನಸುಗೆಂಪು ಎಳೆಗಳು ಬೆಳಕಿಗೂ ಮೊದಲೇ ಬೆಳಗಾದ ಹಾಗೆ ಓಣಿಯ ನಡುವೆ ತೇಲಿ ನಿಂತವು. ತಿಪ್ಪವ್ವ ಉಸಿರು ಹಿಡಿದು ನೋಡಿದಳು. ಎಷ್ಟು ನೆಟ್ಟಗಿನ ಓಣಿ!

ಮುದಿಯಪ್ಪ ಗೂಟಕ್ಕೆ ಇನ್ನೆರಡು ಪೆಟ್ಟು ಹಾಕಿದ. ಅಗತ್ಯವಿರಲಿಲ್ಲ, ಅದು ಕರೆಯುವ ಸಪ್ಪಳ. ಅವರ ಓಣಿಯಲ್ಲಾದರೆ ಆ ಸಪ್ಪಳಕ್ಕೆ ಕದಗಳು ತಾವೇ ತೆರೆಯುತ್ತಿದ್ದವು. ಒಬ್ಬ ಬಾಯಲ್ಲಿ ಹಲ್ಲುಜ್ಜುವ ಇದ್ದಲಿ ಪುಡಿ ಇಟ್ಟುಕೊಂಡೇ ಬರುತ್ತಿದ್ದ, ಒಬ್ಬಳು ಸೊಂಟದ ಮೇಲೆ ಕೂಸು ಹೊತ್ತು ಬರುತ್ತಿದ್ದಳು. ಯಾರೂ ಯಾರನ್ನೂ ಕರೆಯುತ್ತಿರಲಿಲ್ಲ, ಕೂಲಿ ಕೇಳುತ್ತಿರಲಿಲ್ಲ. ಇಬ್ಬರು ಕುಂಚ ಹಿಡಿದು ಗಂಜಿ ಎಳೆದರೆ ಉಳಿದವರು ಆಚೀಚೆ ನಿಂತು, ಅಂಟಿದ ಎಳೆ ಬಿಡಿಸಿ, ಹರಿದದ್ದನ್ನು ಹೊಸೆದು ಕೂಡಿಸುತ್ತಿದ್ದರು. ಬಿಸಿಲೇರುವ ಮೊದಲು ಹಾಸು ಒಣಗಿ ತಂತಿಯಾಗುತ್ತಿತ್ತು.

ಇಲ್ಲಿ ಗೂಟದ ಸಪ್ಪಳ ಓಣಿಯ ಕೊನೆಗೆ ಹೋಗಿ, ಮುಚ್ಚಿದ ಕದಗಳಿಗೆ ಬಡಿದು, ತಿರುಗಿ ಬಂತು.

ಬೆಳಕು ಹರಿದಾಗ ತಿಪ್ಪವ್ವ ಕದಗಳನ್ನು ನೋಡಿದಳು. ಒಂದರ ಕೀಲಿಗೆ ತುಕ್ಕು ಹಿಡಿದಿತ್ತು. ಒಂದರ ಹೊಸ್ತಿಲಿಗೆ ದನ ಹೊಗದ ಹಾಗೆ ಜಾಲಿಮುಳ್ಳು ಒಟ್ಟಿದ್ದರು. ಮನೆ ನೋಡಲು ಬಂದ ದಿನ ಓಣಿ ಮಲಗಿರಲಿಲ್ಲ, ಬರಿದಾಗಿತ್ತು. ಆವತ್ತು ಅಮಾವಾಸ್ಯೆ ಅಲ್ಲದಿದ್ದರೂ ಅಷ್ಟೇ ಸುಮ್ಮನಿರುತ್ತಿತ್ತು.

ಎದುರು ಮನೆಯ ಕದ ಒಂದೇ ತೆರೆಯಿತು. ಕೊಡ ಹಿಡಿದು ಬಂದವಳು ಮಾಸುಮಬಿ, ಹಳ್ಳಿ ಹಳ್ಳಿ ತಿರುಗಿ ಪಾತ್ರೆಗೆ ಕಲಾಯಿ ಹಾಕುವ ಮಲಿಕಸಾಬನ ಹೆಂಡತಿ.

"ಯಾರ ಹಾದಿ ನೋಡ್ತೀರೇ ಯವ್ವಾ?"

"ಹಾಸು ಹಿಡ್ಯಾಕ ಮಂದಿ ಬರ್ತಾರಲ್ರೀ, ಅದಕ್ಕ."

"ಬರ್ತಾರ, ಬರ್ತಾರ. ಸೊಲ್ಲಾಪುರದಿಂದ ಗಾಡಿ ಹಿಡಕೊಂಡು ಬರ್ಬೇಕಲ್ಲ, ಸಂಜಿ ಆಗ್ತತಿ." ನಕ್ಕವಳು ತಿಪ್ಪವ್ವನ ಮುಖ ಕಂಡು ಕೊಡ ಕೆಳಗಿಟ್ಟಳು. "ನನಗ ಗಂಜಿ ಅಂದ್ರ ಕುಡ್ಯೂದಷ್ಟ ಗೊತ್ತು. ಏನು ಹಿಡೀಲಿ ಹೇಳು."

ಮಂದಿ ಬಂದೇ ಬರುತ್ತಾರೆ ಎಂದು ಮಬ್ಬಿನಲ್ಲೇ ಗಂಜಿ ಹಾಕಿಯಾಗಿತ್ತು, ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ. ಗುಡ್ಡದ ಕಡೆಯಿಂದ ಗಾಳಿ ಎದ್ದಿತು. ತಿಪ್ಪವ್ವ ಈ ತುದಿಯ ಎಳೆ ಬಿಡಿಸುವುದರೊಳಗೆ ನಡುವಿನ ಎಳೆ ಒಂದಕ್ಕೊಂದು ಅಂಟಿದವು. ನಡುವಿಗೆ ಓಡಿದರೆ ಆ ತುದಿ ಹರಿಯಿತು. ಮಾಸುಮಬಿ ಒಂದು ಎಳೆಯನ್ನು ಹಿಡಿದು, ಬಿಟ್ಟರೆ ಏನಾಗುತ್ತದೋ ಎಂದು ಬಿಡದೆ ನಿಂತಿದ್ದಳು. ಆಗ ಶಿವಬಸವ್ವ ಸೀರೆ ಕಚ್ಚೆ ಹಾಕಿ ಬಂದಳು. ಅವಳ ಬೆರಳು ಎಳೆಗಳ ನಡುವೆ ನೀರಿನಲ್ಲಿ ಮೀನು ಆಡಿದ ಹಾಗೆ ಆಡಿದವು. ನಾಲ್ಕು ಜನ ಓಡಾಡಿ ಎರಡು ಕಡೆಯ ತುದಿ ಉಳಿಸಿಕೊಂಡರು. ನಡುವಿನ ಭಾಗ ಬಿಸಿಲಿಗೆ ಹಗ್ಗವಾಗಿ ಗಟ್ಟಿಯಾಯಿತು.

"ಹೋದ ಸಲದ ಹಾಸು ನಾವೂ ಹಿಂಗ ಕೆಡ್ಸಿಕೊಂಡ್ವಿ," ಎಂದಳು ಶಿವಬಸವ್ವ, ಕಟ್ಟೆಯ ಮೇಲೆ ಕೂತು. "ಅದಕ್ಕ ನಮ್ಮ ಯಜಮಾನ್ರು ಮಗ್ಗ ಬಿಚ್ಚಿದ್ರು."

"ಹೇಳಲಿಲ್ಲಲ್ಲ ಯಕ್ಕಾ."

"ಕುಣ್ಯಾಗ ಕುಂತಾಗ ನಿನ್ನ ಮಾರಿ ನೀ ನೋಡ್ಕೊಂಡಿಲ್ಲ. ನಾ ನೋಡೀನಿ. ಹ್ಯಾಂಗ ಹೇಳ್ಲೆವ್ವ?" ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. "ಮುನ್ನೂರಕ್ಕ ತಗೊಂಬಿಡು."

ಮುದಿಯಪ್ಪ ಹೆಂಡತಿಯನ್ನು ಬೇವಿನ ಮರದ ಹತ್ತಿರ ಕರೆದುಕೊಂಡು ಹೋದ. ಅವನ ಮೀಸೆಗೆ ಗಂಜಿ ಹತ್ತಿತ್ತು. "ಕೇಳಿದೇನು? ಮುನ್ನೂರು! ಸರಾ ಮುಟ್ಟೂದು ಬ್ಯಾಡ. ಹಾಸು ನಮ್ಮ ಹಳೇ ಓಣ್ಯಾಗ ಹಾಕ್ಕೊಂಡು ಬರೂಣು, ಅದರಾಗೇನೈತಿ?"

"ಅಲ್ಲಿ ನಮ್ಮ ಕದ ಇಲ್ಲದ ಮ್ಯಾಲೆ ಯಾರು ಬರ್ತಾರ್ರೀ? ಮಂದೀ ಹಾಸಿನ ಸಪ್ಪಳ ಇಲ್ಲಿಗೆ ಕೇಳಂಗಿಲ್ಲ, ನಾವು ಹೋಗಂಗಿಲ್ಲ. ನಮ್ಮದಕ್ಕ ಎಷ್ಟು ಸಲ ಬಂದಾರು? ಒಂದು ಸಲ ಮುಲಾಜಿಗೆ ಬರ್ತಾರ."

"ಹಿಂಗ ಸೋವಿ ಮನಿ ಮತ್ತ ಸಿಗಂಗಿಲ್ಲ."

"ಮಂದಿ ಹ್ವಾದಂಗ ಹ್ವಾದಂಗ ಇನ್ನೂ ಸೋವಿ ಆಗ್ತತಿ."

ಮುದಿಯಪ್ಪ ಮರದ ತೊಗಟೆಯನ್ನು ಉಗುರಿನಿಂದ ಕೆರೆಯುತ್ತ ನಿಂತ. ಮೊದಲು ಲೆಕ್ಕ ಹೇಳಿ ಬೇಡ ಎಂದವನು ಅವನು. ಈಗ ಅವನೇ ಆ ಮನೆಯಲ್ಲಿ ಅರ್ಧ ವಾಸವಾಗಿದ್ದ.

"ಮತ್ತ ನಿನ್ನ ಮಗ್ಗ?" ಎಂದ, ಬಹಳ ಸಣ್ಣ ದನಿಯಲ್ಲಿ.

ತಿಪ್ಪವ್ವ ತನ್ನ ಕೈ ನೋಡಿಕೊಂಡಳು. ಬೆರಳ ಸಂದಿನ ಗಂಜಿ ಒಣಗಿ ಚರ್ಮ ಎಳೆಯುತ್ತಿತ್ತು. ಅದನ್ನು ಒಂದೊಂದೇ ಪದರಾಗಿ ಕಿತ್ತಳು.

"ಮಗ್ಗ ಕೂಡ್ರಸ್ತೀರಿ ಖರೇ. ಹಾಸ ಇಲ್ಲದ ನೇಯೂದು ಏನನ್ನ?"

ಅವಳು ಹಿಂತಿರುಗಿ ಕಟ್ಟೆಯ ಹತ್ತಿರ ಬಂದಳು. ಶಿವಬಸವ್ವ ಅವಳ ಮುಖ ನೋಡಿ, ಕೇಳುವ ಮೊದಲೇ ತಲೆಯಾಡಿಸಿದಳು.

"ಸಿಟ್ಟಾಗಬ್ಯಾಡ ಯಕ್ಕಾ."

"ಸಿಟ್ಟು ಯಾಕವ್ವ. ನೀ ಹೂಂ ಅಂದಿದ್ರ ಸೊಲ್ಲಾಪುರದಾಗ ನನಗ ನಿದ್ದಿ ಬರ್ತಿರ್ಲಿಲ್ಲ." ಅವಳು ಕಟ್ಟೆಯಿಂದ ಎದ್ದಳು. "ಮುಶಿಗೇರ್ಯಾಂವಗ ಹೇಳಿ ಕಳಸ್ತೀನಿ."

ಹಾಸನ್ನು ಎಲ್ಲರೂ ಕೂಡಿ ಸುತ್ತಿದರು. ಕೆಟ್ಟ ಭಾಗ ಬಂದಾಗ ಮುದಿಯಪ್ಪ ಕತ್ತರಿಸಲು ಹೋದ. ಶಿವಬಸವ್ವ, "ಮನ್ಯಾಗ ಬಿಸಿನೀರು ಹಚ್ಚಿ ನೋಡು, ಒಂದೀಟು ಬಿಡ್ತತಿ," ಎಂದು ಕೈ ಹಿಡಿದಳು. ಮಾಸುಮಬಿ ಖಾಲಿ ಗಡಿಗೆಯನ್ನು ತಿಪ್ಪವ್ವನ ತಲೆಗೆ ಏರಿಸಿ, ಸಿಂಬೆ ಸರಿ ಮಾಡಿದಳು.

ಅವರು ಹೋದ ಮೇಲೆ ಓಣಿಯ ನಡುವೆ ಗಂಜಿಯ ಹನಿ ಬಿದ್ದ ಉದ್ದನೆಯ ಬಿಳಿ ಗೆರೆಯೊಂದು ಉಳಿದಿತ್ತು. ಬಿಸಿಲಿಗೆ ಅದು ಮೆಲ್ಲಗೆ ಮಾಸತೊಡಗಿತು. ಮಾಸುಮಬಿಯ ಕೋಳಿಗಳು ಹೊರಗೆ ಬಂದು, ಆ ಗೆರೆಯನ್ನೇ ಹಿಡಿದು ಕುಟುಕುತ್ತ, ಒಂದು ಮುಚ್ಚಿದ ಕದದಿಂದ ಇನ್ನೊಂದು ಮುಚ್ಚಿದ ಕದಕ್ಕೆ ಅವಸರವಿಲ್ಲದೆ ನಡೆದವು.