ಬಡಿಸುವಾಗ ಕಿವಿಗೆ ಬಿದ್ದ ಮಾತು

ಓಜೆಲ್ಲಾ ಬೇಡವೆಂದೇ ಹೇಳಿದ್ದಳು. ಆ ಶನಿವಾರ ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಬಾಗಿಲಲ್ಲಿ ನಿಂತು ಮೂರು ಸಲ ಹೇಳಿದ್ದಳು. "ಚರ್ಚಿನ ಹುಡುಗೀರ ಜೊತೆ ಮೆರವಣಿಗೆ ಗಿರವಣಿಗೆ ಅಂತ ಹೊರಟ್ಯೋ, ಕಾಲು ಮುರೀತೀನಿ ನೋಡು." ಹದಿಮೂರು ವರ್ಷದ ಕ್ಲಾರೆಥಾ ಮೆಟ್ಟಿಲ ಮೇಲೆ ಕೂತು ಹಸಿ ಕಡಲೆಕಾಯಿ ಬಿಡಿಸುತ್ತಾ, ತಲೆ ಎತ್ತದೆ, "ಹೂಂ ಅಮ್ಮ" ಅಂದಿದ್ದಳು.

ಮಧ್ಯಾಹ್ನದ ಹೊತ್ತಿಗೆ ಟಾಲ್ಮನ್ ಊರಿನ ಸಿನಿಮಾ ಮಂದಿರದ ಮುಂಬಾಗಿಲಲ್ಲಿ ಕ್ಲಾರೆಥಾಳೂ ಸೇರಿ ಹನ್ನೊಂದು ಹುಡುಗಿಯರು ಸಾಲಾಗಿ ನಿಂತು ಟಿಕೆಟ್ ಕೇಳಿದರು. ಕರಿಯರು ಪಕ್ಕದ ಓಣಿಯ ಮೆಟ್ಟಿಲು ಹತ್ತಿ, ಮೇಲಿನ ಅಟ್ಟದಲ್ಲಿ ಕೂತು ನೋಡಬೇಕಾದ ಸಿನಿಮಾ ಅದು. ಮುಂಬಾಗಿಲು ಬಿಳಿಯರದ್ದು. ಅರ್ಧ ಗಂಟೆಯೊಳಗೆ ಪೊಲೀಸರ ಗಾಡಿ ಬಂತು, ಹನ್ನೊಂದು ಮಂದಿಯನ್ನೂ ತುಂಬಿಕೊಂಡು ಹೋಯಿತು. 1963ರ ಜುಲೈ ಅದು. ಜಾರ್ಜಿಯಾದ ಬಿಸಿಲಿಗೆ ರಸ್ತೆಯ ಡಾಂಬರು ಚಪ್ಪಲಿಗೆ ಮೆತ್ತಿಕೊಳ್ಳುತ್ತಿತ್ತು.

ಓಜೆಲ್ಲಾಳ ಗಂಡ ರೂಫಸ್ ಮರದ ಮಿಲ್ಲಿನಿಂದ ನೇರ ಜೈಲಿಗೆ ಓಡಿದ. ಅಲ್ಲಿದ್ದವನು ಕಾಗದದಿಂದ ಕಣ್ಣು ಕೀಳದೆ, "ಹುಡುಗೀರಾ? ಇಲ್ಲಿ ಯಾವ ಹುಡುಗೀರೂ ಇಲ್ಲ" ಅಂದ.

"ಇಲ್ಲಿಗೇ ಕರ್ಕೊಂಡು ಬಂದ್ರಂತೆ ಸ್ವಾಮಿ. ಕಂಡೋರಿದ್ದಾರೆ."

"ಒಳಗೆ ಬಂದು ಹುಡುಕ್ತೀಯಾ? ಬಾಗಿಲು ತೆಗೀತೀನಿ. ಆಮೇಲೆ ನೀನು ಹೊರಗೆ ಬರೋದು ಮಾತ್ರ ನನ್ನ ಕೈಲಿಲ್ಲ."

ರೂಫಸ್ ವಾಪಸ್ ಬಂದ. ಅವತ್ತಿನಿಂದ ಹೆತ್ತವರೆಲ್ಲ ಪಾದ್ರಿಯ ಹಳೇ ಕಾರಿನಲ್ಲಿ ಸರದಿ ಮೇಲೆ ಹೊರಟರು, ಪಕ್ಕದ ಊರು, ಅದರಾಚೆಯ ಊರು. ಎಲ್ಲ ಜೈಲಿನಲ್ಲೂ ಒಂದೇ ಉತ್ತರ. ಇಲ್ಲಿಲ್ಲ. ರಜೆ ಕೇಳದೆ ಎರಡು ದಿನ ತಪ್ಪಿಸಿಕೊಂಡಿದ್ದಕ್ಕೆ ಮಿಲ್ಲಿನವರು ರೂಫಸ್‌ನನ್ನು ಕೆಲಸದಿಂದ ಬಿಡಿಸಿದರು. ಹೀಗಾಗಿ ಓಜೆಲ್ಲಾ ಕೆಲಸ ಬಿಡುವ ಮಾತೇ ಇರಲಿಲ್ಲ.

ಅವಳು ಬ್ಲಾಂಚರ್ಡ್ ಅವರ ಮನೆಯಲ್ಲಿ ಹನ್ನೊಂದು ವರ್ಷದಿಂದ ಕೆಲಸಕ್ಕಿದ್ದಳು. ಯಜಮಾನರು ಜಿಲ್ಲೆಯ ಆಡಳಿತ ನಡೆಸುವ ಕೌಂಟಿ ಮಂಡಳಿಯ ಸದಸ್ಯರು, ಊರಿನಲ್ಲಿ ಅವರ ಮಾತು ನಡೆಯುತ್ತಿತ್ತು. ಹೆಂಡತಿ ಅಡಲೇಡ್ ಅಮ್ಮಾವರು ಕೈಯೆತ್ತಿದವರಲ್ಲ, ಕೆಟ್ಟದಾಗಿ ಬೈದವರಲ್ಲ. ಅವರ ಐದು ವರ್ಷದ ಮಗಳು ಸೂಸನ್ ಹುಟ್ಟಿದಾಗಿನಿಂದ ಓಜೆಲ್ಲಾಳ ಸೊಂಟದ ಮೇಲೇ ಬೆಳೆದಿದ್ದಳು. ಸೋಮವಾರ ಬೆಳಿಗ್ಗೆ ಪಾತ್ರೆ ಒರೆಸುತ್ತಾ ಓಜೆಲ್ಲಾ ಬಾಯಿ ಬಿಟ್ಟಳು.

"ಅಮ್ಮಾವ್ರೇ, ನನ್ನ ಮಗಳು ಮನೆಗೆ ಬಂದಿಲ್ಲ."

ಅಡಲೇಡ್ ಅಮ್ಮಾವರ ಕೈಯಲ್ಲಿದ್ದ ಕಾಫಿ ಬಟ್ಟಲು ಅಲ್ಲೇ ನಿಂತಿತು. "ಆ ಗಲಾಟೇಲಿ ನಿನ್ನ ಮಗಳೂ ಇದ್ಲಾ? ನಿನ್ನ ಮಗಳಾ, ಓಜೆಲ್ಲಾ?"

"ಹೌದಮ್ಮಾವ್ರೇ."

"ನೀನು ಮಕ್ಕಳನ್ನ ಚೆನ್ನಾಗಿ ಬೆಳೆಸ್ತೀಯ ಅಂದ್ಕೊಂಡಿದ್ದೆ ನಾನು." ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ನಿಜಕ್ಕೂ ನೊಂದಿದ್ದರು. "ನೋಡೋಣ, ಅವರಿಗೆ ಹೇಳ್ತೀನಿ. ನೀನು ಸುಮ್ನೆ ಯೋಚನೆ ಹಚ್ಕೋಬೇಡ. ಗುರುವಾರ ಊಟಕ್ಕೆ ಜನ ಬರ್ತಾರೆ, ನೆನಪಿದೆ ತಾನೆ?"

ಯಜಮಾನರಿಗೆ ಹೇಳಿದರೋ ಬಿಟ್ಟರೋ ಗೊತ್ತಾಗಲಿಲ್ಲ. ಗುರುವಾರ ಬಂತು, ಇನ್ನೊಂದು ಗುರುವಾರವೂ ಬಂತು. ಎರಡನೆಯ ಗುರುವಾರ ಮೂವರು ಗಂಡಸರು ಮಧ್ಯಾಹ್ನದ ಊಟಕ್ಕೆ ಬಂದರು. ಓಜೆಲ್ಲಾ ಕೋಳಿ ಕರಿದಿದ್ದಳು, ಬೆಂಡೆಕಾಯಿ ಹುರಿದಿದ್ದಳು, ಪೀಚ್ ಹಣ್ಣಿನ ಪೈ ಮಾಡಿಟ್ಟಿದ್ದಳು. ಐಸ್ ಹಾಕಿದ ಟೀ ಹೂಜಿ ಹಿಡಿದು ಮೇಜಿನ ಸುತ್ತ ಬರುತ್ತಿದ್ದಾಗ, ಕೆಂಪು ಕತ್ತಿನವನೊಬ್ಬ ಕೋಳಿಯ ಮೂಳೆ ಚೀಪುತ್ತಾ ಕೇಳಿದ.

"ಆ ಹುಡುಗೀರನ್ನ ಇನ್ನೂ ಎಷ್ಟು ದಿನ ಇಟ್ಕೋತೀರಿ ಹ್ಯೂ?"

"ಬಿಸಿ ಆರೋವರೆಗೂ," ಅಂದರು ಯಜಮಾನರು. "ಹಳೇ ಕೈದಿಗಳ ಕೊಟ್ಟಿಗೆ ಇದೆಯಲ್ಲ, ಫೇರ್ಲಿ ರಸ್ತೇಲಿ, ಅಲ್ಲಿದ್ದಾರೆ. ಬಿದ್ದು ಹೋಗೋ ಹಾಗಿದೆ. ಆದ್ರೆ ಕಂಬಿ ಮಾತ್ರ ಗಟ್ಟಿ."

"ಹಾಸಿಗೆ ಗೀಸಿಗೆ?"

"ರಜಾ ಕಳೆಯೋಕೆ ಬಂದಿದ್ದಾರಾ ಅವ್ರು?"

ಮೂವರೂ ನಕ್ಕರು. ಓಜೆಲ್ಲಾ ಅಲ್ಲಿದ್ದಾಳೆ ಅನ್ನುವುದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಮೇಜು ಇದೆ, ಕುರ್ಚಿ ಇದೆ, ಓಜೆಲ್ಲಾ ಇದ್ದಾಳೆ, ಅಷ್ಟೆ. ಅವಳ ಕೈ ಟೀ ಸುರಿಯುತ್ತಲೇ ಇತ್ತು. ಒಂದು ಹನಿಯೂ ಮೇಜುಬಟ್ಟೆಯ ಮೇಲೆ ಬೀಳಲಿಲ್ಲ. "ಸಾಕು ಸಾಕು" ಎಂದು ಕೆಂಪು ಕತ್ತಿನವನು ಲೋಟದ ಮೇಲೆ ಅಂಗೈ ಅಡ್ಡ ಇಟ್ಟ. ಅಡಿಗೆಮನೆಗೆ ಬಂದು ಹೂಜಿ ಕೆಳಗಿಟ್ಟಳು. ಊಟದ ಕೋಣೆಯಿಂದ ಕರೆಗಂಟೆ ಕೇಳಿಸಿತು. ಪೈ ಕೊಯ್ದು ತೆಗೆದುಕೊಂಡು ಹೋದಳು.

ಭಾನುವಾರ ಆರಾಧನೆ ಮುಗಿದ ಮೇಲೆ ಪಾದ್ರಿಯ ಕಾರಿನಲ್ಲಿ ಅವಳು, ರೂಫಸ್, ಇನ್ನೊಬ್ಬ ಹುಡುಗಿಯ ತಾಯಿ ಡೋಸಿಯಾ ಹೊರಟರು. ಹತ್ತಿ ಹೊಲಗಳಾಚೆ, ಪೈನ್ ಮರಗಳ ನಡುವೆ ಸುಣ್ಣ ಉದುರಿದ ಒಂದು ಗೋಡೆ ಕಂಡಿತು. ಗಾಜಿಲ್ಲದ ಕಿಟಕಿಗೆ ಬರೀ ಕಂಬಿ. ಇಪ್ಪತ್ತು ಹೆಜ್ಜೆ ಇರುವಾಗಲೇ ನಾತ ಹೊಡೆಯಿತು. ಕಾವಲಿಗೆ ಕೂತ ಮುದುಕ ಮಡಿಲಲ್ಲಿದ್ದ ಬಂದೂಕು ಎತ್ತಿಕೊಂಡ, ಹೆಂಗಸರ ಕೈಯಲ್ಲಿದ್ದ ಬುಟ್ಟಿ ನೋಡಿ ಮತ್ತೆ ಇಳಿಸಿದ.

"ಐದೇ ನಿಮಿಷ. ನಾನು ನಿಮ್ಮನ್ನ ನೋಡಿಲ್ಲ. ಇಲ್ಲಿದ್ದಾರೆ ಅಂತ ಊರಲ್ಲಿ ಗೊತ್ತಾದ್ರೆ ಇವರನ್ನ ಬೇರೆ ಕಡೆ ಸಾಗಿಸ್ತಾರೆ. ಆಗ ನಿಮಗೆ ದೇವರೇ ದಿಕ್ಕು, ತಿಳೀತಾ?"

ಕಂಬಿಯ ಹಿಂದೆ ಮುಖಗಳು ಒತ್ತಿಕೊಂಡವು. ಅದರಲ್ಲಿ ಕ್ಲಾರೆಥಾಳದ್ದು ಯಾವುದೆಂದು ಒಂದು ಗಳಿಗೆ ಓಜೆಲ್ಲಾಳಿಗೆ ಗೊತ್ತಾಗಲಿಲ್ಲ. ಕೂದಲು ಜಡೆಗಟ್ಟಿತ್ತು, ತುಟಿ ಒಡೆದಿತ್ತು, ಆ ಶನಿವಾರ ತೊಟ್ಟಿದ್ದ ಹಳದಿ ಲಂಗ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಓಜೆಲ್ಲಾ ಕಂಬಿಯೊಳಗೆ ಕೈ ತೂರಿಸಿ ಅವಳ ಕೆನ್ನೆ ಮುಟ್ಟಿದಳು. ಕೆನ್ನೆ ಸುಡುತ್ತಿತ್ತು.

"ಜ್ವರ ಬಂದಿದೆಯಲ್ಲೇ!"

"ನಂಗೆ ಪರವಾಗಿಲ್ಲ. ಡೋಸಿಯತ್ತೆ ಮಗಳಿಗೆ ವಾಂತಿ ನಿಲ್ತಾನೇ ಇಲ್ಲ. ನೀರು ಚೆನ್ನಾಗಿಲ್ಲಮ್ಮ. ನಲ್ಲಿ ಒಂದು ತೊಟ್ಟಿಕ್ಕುತ್ತೆ, ಅಷ್ಟೆ." ಕ್ಲಾರೆಥಾ ಬಿಸ್ಕತ್ತು ರೊಟ್ಟಿ ಇಸಿದುಕೊಂಡು ಹಿಂದಿದ್ದವರಿಗೆ ದಾಟಿಸುತ್ತಾ ಕೇಳಿದಳು, "ನಾವು ಇಲ್ಲಿದ್ದೀವಿ ಅಂತ ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಕಿವಿಗೆ ಬಿತ್ತು. ಯಜಮಾನರ ಮನೇಲಿ, ಊಟದ ಹೊತ್ತಲ್ಲಿ ಮಾತಾಡ್ಕೊಂಡ್ರು."

ಕ್ಲಾರೆಥಾಳ ಕೈ ನಿಂತಿತು. "ನಮ್ಮನ್ನ ಇಲ್ಲಿ ಹಾಕಿರೋದು ಅವ್ರಾ?"

ಓಜೆಲ್ಲಾ ಬುಟ್ಟಿಯಿಂದ ಇನ್ನೊಂದು ರೊಟ್ಟಿ ತೆಗೆದು ಚಾಚಿದಳು.

"ಅವ್ರು ಮಾತಾಡ್ತಿದ್ರು, ನೀನು ಬಡಿಸ್ತಾ ಇದ್ದೆ."

"ಮಗಾ..."

"ಆಮೇಲೂ ಬಡಿಸಿದ್ಯಾ?"

ಮುದುಕ ಎದ್ದು ನಿಂತು ಬಂದೂಕಿನ ಹಿಡಿಯನ್ನು ನೆಲಕ್ಕೆ ಕುಟ್ಟಿದ. ಐದು ನಿಮಿಷ ಆಗಿತ್ತು.

ಪೇಪರಿನವರಿಗೆ ತಿಳಿಸಬೇಕೆಂದು ರೂಫಸ್ ದಾರಿಯುದ್ದಕ್ಕೂ ಹಾರಾಡಿದ. "ಅಟ್ಲಾಂಟಾದಿಂದ ಫೋಟೋದವ್ರನ್ನ ಕರೆಸಿ ಪಾದ್ರಿಗಳೇ. ಒಂದು ಫೋಟೋ ಬಂದ್ರೆ ಇವ್ರ ಮುಖಕ್ಕೆ ಮಸಿ!"

"ಫೋಟೋದವ್ನು ಬರೋಷ್ಟರಲ್ಲಿ ಅಲ್ಲಿ ಯಾರೂ ಇರಲ್ಲ," ಅಂದಳು ಡೋಸಿಯಾ. "ಆಮೇಲೆ ಎಲ್ಲಿ ಅಂತ ಹುಡುಕ್ತೀಯಪ್ಪ? ನನ್ನ ಮಗಳಿಗೆ ಅಷ್ಟು ದಿನ ಇಲ್ಲ."

ಕೊನೆಗೆ ಯಾರಿಗೂ ಹೇಳುವುದು ಬೇಡವೆಂದು ಆಯಿತು. ಸರಿಯೋ ತಪ್ಪೋ, ಯಾರಿಗೂ ಆಗ ಗೊತ್ತಿರಲಿಲ್ಲ. ಮುಂದಿನ ಭಾನುವಾರ ಹೋದಾಗ ಮುದುಕನ ಜಾಗದಲ್ಲಿ ಬೇರೊಬ್ಬನಿದ್ದ. ಅವನು ಕಾರನ್ನು ತಿರುವಿನಲ್ಲೇ ತಡೆದು, ಬುಟ್ಟಿಯನ್ನು ಕಾಲಿನಿಂದ ಒದ್ದು, ಅವರನ್ನು ವಾಪಸ್ ಕಳಿಸಿದ.

ಅವತ್ತಿನ ಮರುದಿನ ಓಜೆಲ್ಲಾ ಇನ್ನೊಮ್ಮೆ ಅಮ್ಮಾವರ ಮುಂದೆ ನಿಂತಳು. "ಅಮ್ಮಾವ್ರೇ, ಮಗೂಗೆ ಜ್ವರ. ಒಂದು ಮಾತು ಯಜಮಾನರಿಗೆ ಹೇಳಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಜ್ವರ ಅಂತ ನಿನಗೆ ಹೇಗೆ ಗೊತ್ತು?"

ಮುದುಕನ ಮಾತು ಕಿವಿಯಲ್ಲಿತ್ತು. "ಗೊತ್ತಿಲ್ಲಮ್ಮಾವ್ರೇ. ಕನಸು ಬಿತ್ತು."

ಅಮ್ಮಾವರು ಕಣ್ಣು ಕಿಟಕಿಯ ಕಡೆ ತಿರುಗಿಸಿ, "ಇವೆಲ್ಲ ಗಂಡಸರ ವಿಷಯ, ಓಜೆಲ್ಲಾ. ನಾನಾದರೂ ಏನು ಮಾಡ್ಲಿ ಹೇಳು?" ಅಂದರು.

ಹುಡುಗಿಯರನ್ನು ಬಿಟ್ಟಿದ್ದು ಸೆಪ್ಟೆಂಬರ್ ಎರಡನೇ ವಾರ. ಕೇಸಿಲ್ಲ, ಕೋರ್ಟಿಲ್ಲ, ಒಂದು ಚೀಟಿಯೂ ಇಲ್ಲ. ಬೆಳಿಗ್ಗೆ ಲಾರಿಯಲ್ಲಿ ತಂದು ಊರ ಹೊರಗಿನ ರೈಲುಗೇಟಿನ ಹತ್ತಿರ ಇಳಿಸಿ ಹೋದರು. ಓಜೆಲ್ಲಾ ಆಗ ಬ್ಲಾಂಚರ್ಡ್ ಅವರ ಮನೆಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಸುದ್ದಿ ಬಂದಿದ್ದು ಹಿಂಬಾಗಿಲಿನಿಂದ, ಪಕ್ಕದ ಮನೆಯ ಅಡಿಗೆಯವಳ ಬಾಯಿಂದ. ಹೋಗಲಾ ಎಂದು ಕೇಳಿದ್ದಕ್ಕೆ ಅಮ್ಮಾವರು, "ಹೋಗು, ಹೋಗು. ಸೂಸನ್‌ಗೆ ಊಟ ಕೊಟ್ಟು ಹೋಗು. ನೀನಿಲ್ಲದೆ ಅವಳು ತಿನ್ನಲ್ಲ" ಅಂದರು. ಮಗು ಅವತ್ತು ಒಂದೊಂದು ತುತ್ತಿಗೂ ಕಥೆ ಕೇಳಿತು.

ಮನೆಗೆ ಓಡಿ ಬಂದಾಗ ರೂಫಸ್ ಆಗಲೇ ನೀರು ಕಾಯಿಸಿ ಮಗಳಿಗೆ ಸ್ನಾನ ಮಾಡಲು ಕೊಟ್ಟಿದ್ದ. ಕೂದಲು ಬಿಡಿಸಲಾಗದಷ್ಟು ಗಂಟುಗಟ್ಟಿದ್ದರಿಂದ ಅವಳೇ ಕೇಳಿ ಕತ್ತರಿಸಿಕೊಂಡಿದ್ದಳಂತೆ. ಓಜೆಲ್ಲಾ ತಬ್ಬಿಕೊಂಡಳು. ಮಗಳು ಕೊಸರಿಕೊಳ್ಳಲಿಲ್ಲ, ಅವಳ ಕೈ ಮಾತ್ರ ಮೇಲೇಳಲಿಲ್ಲ. ಬೆನ್ನಿನ ಮೂಳೆ ಒಂದೊಂದೂ ಓಜೆಲ್ಲಾಳ ಬೆರಳಿಗೆ ಸಿಕ್ಕಿತು.

"ಏನಾದ್ರೂ ತಿಂತೀಯಾ ಕಂದಾ?"

"ಅಪ್ಪ ಕೊಟ್ರು."

"ಏನೇನಾಯ್ತು, ಹೇಳೇ. ನಿಂಗೆ ಏನು ಮಾಡಿದ್ರು?"

"ಏನಿಲ್ಲ."

ಮರುದಿನ ಬೆಳಿಗ್ಗೆ ಆರು ಗಂಟೆಗೆ ಓಜೆಲ್ಲಾ ಬಿಳಿಯ ಕೆಲಸದ ಬಟ್ಟೆ ತೊಟ್ಟು ಹೊರಗೆ ಬಂದಳು. ಕ್ಲಾರೆಥಾ ಎದ್ದು ಜಗುಲಿಯಲ್ಲಿ ಕೂತಿದ್ದಳು.

"ಇವತ್ತೂ ಹೋಗ್ತೀಯಾ?"

"ನಿಮ್ಮಪ್ಪಂಗೆ ಕೆಲಸ ಇಲ್ಲ ಮಗಾ."

"ಗೊತ್ತು," ಅಂದಳು ಹುಡುಗಿ. ಆ ಒಂದು ಮಾತಿನಲ್ಲಿ ಸಿಟ್ಟಿದ್ದಿದ್ದರೆ ಓಜೆಲ್ಲಾ ಉತ್ತರ ಕೊಡುತ್ತಿದ್ದಳೇನೋ. ಇರಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು, ಹೊರಟಳು.

ಆ ಸಂಜೆ ಅವಳು ಅಡಿಗೆಮನೆಯಲ್ಲಿ ಮೆಕ್ಕೆಜೋಳದ ಹಿಟ್ಟು ಕಲಸುತ್ತಿದ್ದಾಗ ಜಗುಲಿಯಿಂದ ಮಗಳ ದನಿ ಕೇಳಿತು. ಅಪ್ಪನ ಜೊತೆ ಮಾತಾಡುತ್ತಿದ್ದಳು. ಕಕ್ಕಸಿಗೆಂದು ಮೂಲೆಯಲ್ಲಿ ಒಂದು ತೂತಿತ್ತಂತೆ, ಹನ್ನೊಂದು ಮಂದಿಗೂ ಅದೇ. ಒಂದು ದಿನ ಒಬ್ಬ ಕಾವಲುಗಾರ ಕಿಟಕಿಯಿಂದ ಹಾವು ಎಸೆದಿದ್ದನಂತೆ. ಸರದಿ ಮೇಲೆ ಎಚ್ಚರವಿದ್ದರಂತೆ, ಡೋಸಿಯಾಳ ಮಗಳನ್ನು ಮಾತ್ರ ಮಲಗಲು ಬಿಟ್ಟಿದ್ದರಂತೆ. ಓಜೆಲ್ಲಾ ಹಿಟ್ಟಿನ ಕೈಯಲ್ಲೇ ಜಾಲರಿ ಬಾಗಿಲ ಹತ್ತಿರ ಬಂದಳು. ಬಾಗಿಲು ಕಿರ್ರೆಂದಿತು. ಕ್ಲಾರೆಥಾ ತಿರುಗಿ ನೋಡಿದಳು, ಮಾತು ಅರ್ಧಕ್ಕೇ ನಿಂತಿತು. ರೂಫಸ್ ಹೆಂಡತಿಯ ಮುಖ ನೋಡಿ, ಮತ್ತೆ ಮಗಳ ಮುಖ ನೋಡಿದ.

"ಕುಡಿಯೋಕೆ ಏನಾದ್ರೂ ಬೇಕಾ ಅಂತ ಕೇಳೋಕೆ ಬಂದೆ," ಅಂದಳು ಓಜೆಲ್ಲಾ.

"ಬೇಡಮ್ಮ."

ಅವಳು ಒಳಗೆ ಹೋದಳು. ಬಾಗಿಲಿಗೆ ಕಾಣದ ಹಾಗೆ ಒಲೆಯ ಪಕ್ಕದ ಗೋಡೆಗೆ ಬೆನ್ನು ಕೊಟ್ಟು, ಪಾತ್ರೆ ಸದ್ದು ಮಾಡದೆ ನಿಂತಳು. ಸುಮಾರು ಹೊತ್ತಾದ ಮೇಲೆ ಹೊರಗೆ ಮಾತು ಮತ್ತೆ ಶುರುವಾಯಿತು.