ತಂಗಿಲ್ಲದ ದಾರಿ

"ಮೂರೇ ಗಂಟೆ ದಾರಿ ಅಂದಿದ್ದೆಲ್ಲಮ್ಮ ನೀನು!"

ಕ್ಯಾತಪ್ಪ ಕೂಗಿದ ರಭಸಕ್ಕೆ ರೊಪ್ಪದೊಳಗಿನ ಕುರಿಗಳೂ ತಲೆಯೆತ್ತಿದವು. ಅವನ ತಂಗಿಯ ಮಗ ಯೋಗೀಶ ಮೊಬೈಲಿನಲ್ಲಿ ನಕ್ಷೆ ತೋರಿಸಿ ಸುಮ್ಮನಿರಬಾರದಿತ್ತೇ? "ಬೆಂಗ್ಳೂರಿಂದ ಗುವಾಹಟಿ ಎಲ್ಡು ಸಾವ್ರ ಕಿಲೋಮೀಟ್ರಿಗೂ ಮ್ಯಾಲೆ ಮಾವ" ಎಂದು ಉಪ್ಪುಖಾರವನ್ನೂ ಸವರಿದ್ದ. ತಮ್ಮೂರು ಮದಲೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲೂ ಮೂರು ಗಂಟೆಯೇ. ಅಷ್ಟೇ ದೂರ ಅಂದುಕೊಂಡು ಪಾಪ, ಕ್ಯಾತಪ್ಪ ಮಗಳಿಗೆ ಗುವಾಹಟಿಯಲ್ಲಿ ಸಿಕ್ಕ ನರ್ಸ್ ಕೆಲಸಕ್ಕೆ ಹೂಂ ಅಂದು, ಹಟ್ಟಿಗೆಲ್ಲ ಬೆಲ್ಲ ಹಂಚಿ ಬಂದಿದ್ದ.

"ಫ್ಲೈಟಲ್ಲಿ ಮೂರೇ ಗಂಟೆ ಕಣಪ್ಪ" ಎಂದಳು ಮಗಳು ಮಂಗಳಗೌರಿ.

"ನಡುವೆ ಎಷ್ಟು ತಂಗು?"

"ಒಂದೂ ಇಲ್ಲ. ನೇರ."

ಎಡವಟ್ಟಾದದ್ದು ಅಲ್ಲೇ. ಬೇಸಿಗೆ ಬಂತೆಂದರೆ ಮಂದೆ ಹೊಡೆದುಕೊಂಡು ಭದ್ರೆಯ ಬಯಲಿಗೆ ನಡೆಯುವ ಕ್ಯಾತಪ್ಪನಿಗೆ ಕಿಲೋಮೀಟರಿನ ಲೆಕ್ಕ ಯಾವತ್ತೂ ತಲೆಗೆ ಹತ್ತಿದ್ದಲ್ಲ. ರಾತ್ರಿ ಕುರಿ ನಿಲ್ಲಿಸುವ ಜಾಗವೇ ತಂಗು. ಇಂಥ ಊರಿಗೆ ಇಷ್ಟು ತಂಗು ಎಂದರೆ ಮುಗಿಯಿತು. ತಂಗು ಬಿಟ್ಟು ಹೊರಡುವಾಗ ಕಲ್ಲಿನ ಮೇಲೊಂದು ಕಲ್ಲಿಡುವುದು ಅಪ್ಪನ ಕಾಲದಿಂದ ಬಂದ ರೂಢಿ. ತಿರುಗಿ ಬರುವಾಗ ಆ ಕಲ್ಲೇ ದಾರಿ ತೋರಬೇಕು.

"ತಂಗೇ ಇಲ್ದಿರೋ ದಾರೀಲಿ ಹೋದೋರು ವಾಪಸ್ ಬರಾಕೆ ಗುರ್ತೇನವ್ವ?" ಅವನ ದನಿ ಒಡೆಯಿತು. "ಬ್ಯಾಡ. ನಾ ಕಳ್ಸಾಕಿಲ್ಲ."

ಮಂಗಳಗೌರಿಗೆ ಅಳುವೇ ಬಂತು. ನಿದ್ದೆಗೆಟ್ಟು ಓದಿ ಸಿಕ್ಕಿದ ಕೆಲಸ. ಸೋಮವಾರ ಹಾಜರಾಗದಿದ್ದರೆ ಇನ್ನೊಬ್ಬರ ಪಾಲು. ಜಗಳವಾಡಿ ಹೋಗಿಬಿಡಬಹುದಿತ್ತು. ಆದರೆ ಅಪ್ಪನ ಹೂಂ ಇಲ್ಲದೆ ಹೊಸ್ತಿಲು ದಾಟಲು ಅವಳ ಮನಸ್ಸು ಒಪ್ಪದು.

"ಅತ್ರೆ ಕೇಳ್ತಾನೇನೆ ನಿಮ್ಮಪ್ಪ? ಅವನ ಲೆಕ್ಕದಾಗೇ ಹೇಳು" ಎಂದಳು ತಾಯಿ ಪುಟ್ಟಕ್ಕ, ಮುದ್ದೆ ಕಟ್ಟುತ್ತಲೇ.

ಮಂಗಳಗೌರಿ ಕಣ್ಣೊರೆಸಿಕೊಂಡು ಯೋಗೀಶನ ಕೈಯಿಂದ ಮೊಬೈಲು ಕಿತ್ತುಕೊಂಡಳು. ತುಸು ಹೊತ್ತು ತಡಕಾಡಿದವಳು, "ಅಪ್ಪ, ಕಲ್ಕತ್ತಾದಾಗೆ ಇಳ್ಸೋ ಫ್ಲೈಟೂ ಐತೆ. ಅಲ್ಲಿ ಕುಂತಿದ್ದು, ಸಂಜೆ ಇನ್ನೊಂದು ಹತ್ಬೇಕು" ಎಂದಳು.

"ನೇರ ಹೋಗೋದ್ ಬುಟ್ಟು ಸುತ್ಕೊಂಡ್ ಹೋಯ್ತೀಯಾ? ತಲೆ ಕೆಟ್ಟೈತಾ ನಿಂಗೆ?" ಎಂದ ಯೋಗೀಶ.

"ನೀ ಬಾಯ್ಮುಚ್ಲಾ" ಎಂದು ಗದರಿದ ಕ್ಯಾತಪ್ಪ ಮಗಳತ್ತ ತಿರುಗಿದ. "ಅಂದ್ರೆ ಒಂದು ತಂಗು ಐತೆ ಅನ್ನು."

"ಐತೆ ಕಣಪ್ಪ."

ಅವನು ಬಹಳ ಹೊತ್ತು ಗಡ್ಡ ಕೆರೆದುಕೊಂಡ. ಕೊನೆಗೆ, "ಅಂಗಾದ್ರೆ ಹೋಗ್ಬಾ" ಎಂದ.

ಭಾನುವಾರ ಮಧ್ಯಾಹ್ನ ಕೆರೆ ಏರಿಯ ಮಗ್ಗುಲಲ್ಲಿ ಕುರಿ ಮೇಯಿಸುತ್ತಿದ್ದಾಗ ಅವನ ಜೇಬಿನ ಫೋನು ಹೊಡೆದುಕೊಂಡಿತು.

"ಅಪ್ಪ, ಕಲ್ಕತ್ತಾದಾಗೆ ತಂಗು ಹಾಕಿವ್ನಿ."

ತಂಗು ಹಾಕಿದವರನ್ನು ಕುರಿಯವರು ಮೊದಲು ಕೇಳುವುದು ಒಂದೇ ಮಾತು. ಕ್ಯಾತಪ್ಪನೂ ಅದನ್ನೇ ಕೇಳಿದ.

"ನೀರೈತಾ ಮಗ?"

"ಬೇಕಾದಷ್ಟೈತೆ."

"ಕಲ್ಲಿಕ್ಕಿದ್ಯಾ?"

ಆ ಕಡೆಯಿಂದ ನಗು ಕೇಳಿಸಿತು. "ಇಲ್ಲಿ ನೆಲ ಎಲ್ಲಾ ಕನ್ನಡಿ ಇದ್ದಂಗೈತೆ ಕಣಪ್ಪ, ಕಲ್ಲೆಲ್ಲಿಂದ ತರ್ಲಿ?"

"ಇರ್ಲಿ ಬುಡು. ನಾ ಇಲ್ಲೇ ಇಕ್ತೀನಿ."

ಫೋನು ಜೇಬಿಗಿಳಿಸಿದ ಕ್ಯಾತಪ್ಪ ಬಗ್ಗಿ, ಕೈತುಂಬುವ ಕಲ್ಲೊಂದನ್ನು ಆರಿಸಿ, ಏರಿಯ ಮೇಲಿನ ಬಂಡೆಯ ಮೇಲಿಟ್ಟ. ಅದು ಅಲುಗಾಡಿತು. ಅದರಡಿಗೆ ಒಂದು ಕಲ್ಲಿನ ಚಕ್ಕೆ ಸಿಕ್ಕಿಸಿ, ಗಾಳಿಗೆ ಬೀಳುವುದಿಲ್ಲ ತಾನೇ ಎಂದು ಕೈಯಿಂದ ಅಲ್ಲಾಡಿಸಿ ನೋಡಿ, ಕುರಿಗಳ ಹಿಂದೆ ನಡೆದ.