ಕುರಿ ಮುಟ್ಟಬಾರದ ಹುಲ್ಲು

ಸಿದ್ದನಕಾವಲು ಎಂಬ ಹುಲ್ಲುಗಾವಲು ಬೋಳಾದದ್ದಕ್ಕೆ ಯಾರು ಕಾರಣ ಎಂದು ಕೇಳಿದರೆ ಶಾಮನೂರಿನ ಸುತ್ತಮುತ್ತ ಎಲ್ಲರ ಬೆರಳೂ ಪಕ್ಕದವನ ಕಡೆಗೆ ಹೋಗುತ್ತಿತ್ತು. ಹೊಲದವರು ಕುರಿಯವರನ್ನು ಬೈಯುತ್ತಿದ್ದರು. ಕುರಿಯವರು ಎಮ್ಮೆ ಕಟ್ಟಿದವರನ್ನು ಬೈಯುತ್ತಿದ್ದರು. ಎಮ್ಮೆ ಕಟ್ಟಿದವರು ಮಳೆರಾಯನನ್ನೇ ಬೈಯುತ್ತಿದ್ದರು. ಕಾವಲಿನ ಅಂಚನ್ನು ವರ್ಷವರ್ಷವೂ ಒಂದಿಷ್ಟು ಉತ್ತು ತಮ್ಮ ಹೊಲಕ್ಕೆ ಸೇರಿಸಿಕೊಂಡವರನ್ನು ಮಾತ್ರ ಯಾರೂ ಬೈಯುತ್ತಿರಲಿಲ್ಲ. ಅವರು ದೊಡ್ಡವರು.

ಅವರಲ್ಲೂ ದೊಡ್ಡವರು ವಾಮದೇವಪ್ಪ. ದಾವಣಗೆರೆಯಲ್ಲಿ ಹತ್ತಿ ಮಂಡಿ ಇಟ್ಟಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಖಾದಿ ಹಿಡಿದು, ಯಾವ ಸಮಿತಿ ಹುಟ್ಟಿದರೂ ಅದಕ್ಕೆ ಅಧ್ಯಕ್ಷರಾಗುವ ಚಟ ಹತ್ತಿಸಿಕೊಂಡಿದ್ದರು. ಐವತ್ತೇಳರಲ್ಲಿ ಸರ್ಕಾರ ಹಾಳುಬಿದ್ದ ಕಾವಲುಗಳಲ್ಲಿ ಹುಲ್ಲು ಬೆಳೆಸಲು ತಂತಿ ಕೊಡುತ್ತದೆ ಎಂಬ ಸುದ್ದಿ ಬಂತು. ವಾರದೊಳಗೆ ವಾಮದೇವಪ್ಪನವರ ಮಂಡಿಯ ಮಹಡಿ ಮೇಲೆ ಹುಲ್ಲುಗಾವಲು ಪುನರುದ್ಧಾರ ಸಮಿತಿ ಹುಟ್ಟಿತು. ಸಭೆಯಲ್ಲಿ ಕೂತವರಲ್ಲಿ ಒಬ್ಬನಾದರೂ ಕುರಿ ಕಾದವನಿರಲಿಲ್ಲ. ಅವರೆಲ್ಲ ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಕುರಿಯ ಬಾಯಿ ಬೆಂಕಿಯಿದ್ದಂತೆ, ಅದು ಮುಟ್ಟಿದ ನೆಲ ಚಿಗುರುವುದಿಲ್ಲ ಎಂದು ಒಮ್ಮತದಿಂದ ತೀರ್ಮಾನಿಸಿದರು. ಮೂರು ವರ್ಷ ಕಾವಲಿಗೆ ಯಾರ ದನಕರುವೂ ಹೋಗಕೂಡದು.

ಬೇಲಿ ಬಂತು. ವಾಮದೇವಪ್ಪನವರು ಒತ್ತರಿಸಿಕೊಂಡಿದ್ದ ಹತ್ತಿ ಹೊಲದ ಹತ್ತಿರ ಬಂದಾಗ ತಂತಿ ತಾನಾಗಿಯೇ ಒಳಕ್ಕೆ ಬಾಗಿ, ಹೊಲವನ್ನು ಹೊರಗೆ ಬಿಟ್ಟು, ಮತ್ತೆ ನೆಟ್ಟಗಾಯಿತು. ಕಂಬ ನೆಟ್ಟವರೂ ನೋಡಿದರು, ಊರವರೂ ನೋಡಿದರು. ಯಾರೂ ಬಾಯಿ ಬಿಡಲಿಲ್ಲ. ನೆರೆಯವನ ಕುರಿ ಹೊರಗೆ ಬೀಳುತ್ತದೆ ಎಂಬ ಖುಷಿಯಲ್ಲಿ ತನ್ನದೂ ಹೊರಗೆ ಬೀಳುತ್ತದೆ ಎನ್ನುವುದು ಹಲವರಿಗೆ ಹೊಳೆದದ್ದೇ ಬೇಲಿ ಮುಗಿದ ಮೇಲೆ.

ಕಾಯಲು ಒಬ್ಬ ಬೇಕಾಯಿತು. ಕುರಿಯವರನ್ನು ತಡೆಯಲು ಕುರಿಯವನೇ ವಾಸಿ ಎಂದು ಸಮಿತಿ ಗೋಣೆಪ್ಪನನ್ನು ಆರಿಸಿತು. ಹಿಂದಿನ ವರ್ಷ ಬೇನೆ ಬಿದ್ದು ಅವನ ಹಿಂಡೆಲ್ಲ ಸತ್ತಿತ್ತು. ಕೂಲಿಗೆ ಹೋಗಲು ಮನಸ್ಸಿರಲಿಲ್ಲ. ಖಾಕಿ ಅಂಗಿ ಕೊಟ್ಟರು, ಹಾಕಿಕೊಂಡ. ಅದೇ ಅಂಗಿಯಲ್ಲಿ ಅಕ್ಕ ರಂಗವ್ವನ ಗುಡಿಸಲ ಮುಂದೆ ಹೋಗಿ ನಿಂತ.

ರಂಗವ್ವ ಗಂಡ ಸತ್ತ ಮೇಲೆ ಒಬ್ಬಳೇ ಕುರಿ ಕಾಯುತ್ತಿದ್ದಳು. ಅವಳ ಬಾಯಿಗೆ ಹೆದರಿ ಗಂಡಸರು ದಾರಿ ಬಿಡುತ್ತಿದ್ದರು. ತಮ್ಮನನ್ನು ಮೇಲಿಂದ ಕೆಳಗೆ ನೋಡಿದಳು.

"ಏನ್ಲೇ ಗೋಣಿ, ಇದು ಯಾರ ಹೆಣದ ಮ್ಯಾಲಿನ ಬಟ್ಟೆ?"

"ಸರ್ಕಾರದ್ದಕ್ಕಾ. ಮೂರು ವರ್ಷ ಅಷ್ಟೆ. ಹುಲ್ಲು ಬರ್ತೈತೆ, ಆಮ್ಯಾಕೆ ಎಲ್ರಿಗೂ ಬಿಡ್ತಾರೆ."

"ಆ ನೆಲದಾಗೆ ಇನ್ನು ಹುಲ್ಲು ಬಂದ್ರೆ ನನ್ನ ಮೂಗು ಕೊಯ್ದುಕೊಡ್ತೀನಿ. ಸತ್ತ ನೆಲ ಅದು. ಸತ್ತಿದ್ದನ್ನ ಕಾಯಾಕೆ ನಿನ್ನ ನಿಲ್ಸ್ಯಾರೆ. ಹೋಗು, ಕಾಯಿ."

ಆದರೆ ಹುಲ್ಲು ಬಂತು. ರಂಗವ್ವನ ಮಾತು ಸುಳ್ಳಾಯಿತು. ಮೊದಲ ಮುಂಗಾರಿಗೆ ಗರಿಕೆ ನೆಲ ಹಿಡಿಯಿತು. ಮರುವರ್ಷ ಕರಡದ ಹುಲ್ಲು ಮೊಣಕಾಲು ಮುಟ್ಟಿ, ಹಿಂಗಾರಿನ ಗಾಳಿಗೆ ಕೆಂಪಗೆ ಓಲಾಡಿತು. ಗೋಣೆಪ್ಪ ಹುಡುಗನಾಗಿದ್ದಾಗ ಕಂಡಿದ್ದ ನೆಲಗುಬ್ಬಿಗಳು ಬುಡದಲ್ಲಿ ಗೂಡು ಕಟ್ಟಿದವು. ಒಂದು ಮುಂಜಾನೆ ಏಳೆಂಟು ಚಿಗರಿ ಜಿಂಕೆಗಳು ಬೇಲಿ ಹಾರಿ ಒಳಗೆ ಬಂದು ನಿಂತಿದ್ದವು. ಗೋಣೆಪ್ಪ ಉಸಿರು ಬಿಗಿಹಿಡಿದು ನೋಡಿದ. ತಾನೇ ಹೆತ್ತಷ್ಟು ಹೆಮ್ಮೆಯಾಯಿತು ಅವನಿಗೆ. ಹೇಳಿಕೊಳ್ಳಲು ಮಾತ್ರ ಯಾರೂ ಇರಲಿಲ್ಲ. ಹಟ್ಟಿಯಲ್ಲಿ ಅವನನ್ನು ಕಂಡರೆ ಹೆಂಗಸರು ಬೀಸುವ ಕಲ್ಲಿನ ಕಡೆಗೆ ಮುಖ ತಿರುಗಿಸುತ್ತಿದ್ದರು.

ದೀಪಾವಳಿ ಕಳೆದದ್ದೇ ಸಮಿತಿಯ ಸದಸ್ಯರ ಗಾಡಿಗಳು ಬಂದವು. ರಸ್ತೆ ಬದಿಯ ಹುಲ್ಲು ಕೊಯ್ದು ತಮ್ಮ ತಮ್ಮ ಎತ್ತುಗಳಿಗೆ ಹೇರಿಕೊಂಡು ಹೋದರು. ಗೋಣೆಪ್ಪ ತಲೆ ಕೆರೆಯುತ್ತ, "ಯಾರ ದನಕ್ಕೂ ಇಲ್ಲ ಅಂದಿದ್ರಲ್ರಿ?" ಎಂದು ಕೇಳಿದ.

"ದನ ಒಳಗೆ ಬಂದಾವೇನೋ?" ಎಂದರು ವಾಮದೇವಪ್ಪ. "ಹುಲ್ಲು ಹೊರಗೆ ಹೋಗ್ತೈತೆ. ಎರಡಕ್ಕೂ ವ್ಯತ್ಯಾಸ ತಿಳೀದೇನು ನಿನಗೆ?"

ಅಷ್ಟು ಸೂಕ್ಷ್ಮವಾದ ವ್ಯತ್ಯಾಸ ಕುರಿಗಳಿಗೂ ತಿಳಿಯಲಿಲ್ಲ. ಆ ಬೇಸಿಗೆಯಲ್ಲಿ ರಂಗವ್ವನ ಹಿಂಡು ತಂತಿಯ ಸಡಿಲಾದ ಜಾಗದಲ್ಲಿ ಒಳಗೆ ನುಗ್ಗಿತು. ತಾನಾಗಿ ನುಗ್ಗಿತೋ, ಅವಳೇ ನುಗ್ಗಿಸಿದಳೋ, ಅದು ಅವಳಿಗೇ ಗೊತ್ತು. ಗೋಣೆಪ್ಪ ಕಣ್ಣು ಮುಚ್ಚಿಕೊಳ್ಳಬಹುದಿತ್ತು. ಅಕ್ಕನಿಗೆ ಬಿಟ್ಟರೆ ನಾಳೆ ಎಲ್ಲರಿಗೂ ಬಿಡಬೇಕು, ಹುಲ್ಲು ಉಳಿಯುವುದಿಲ್ಲ ಎಂದು ಹಟ ಹಿಡಿದು, ಹಿಂಡನ್ನು ಹೊಡೆದುಕೊಂಡು ಹೋಗಿ ಊರ ದೊಡ್ಡಿಯಲ್ಲಿ ಕೂಡಿಹಾಕಿದ. ದೊಡ್ಡಿಯಲ್ಲಿ ನೆರಳಿರಲಿಲ್ಲ, ನೀರು ಇಡುವವರಿರಲಿಲ್ಲ. ರಂಗವ್ವ ದಂಡ ಕಟ್ಟಿ ಬಿಡಿಸಿಕೊಳ್ಳುವ ಹೊತ್ತಿಗೆ ಗಬ್ಬದ ಕುರಿಯೊಂದು ಕಾಲು ಚಾಚಿ ಸತ್ತಿತ್ತು.

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಸತ್ತ ಕುರಿಯನ್ನು ಎಳೆತಂದು ತಮ್ಮನ ಕಾಲ ಬಳಿ ಹಾಕಿದಳು. "ನಿನ್ನ ಸಮಿತಿಯೋರಿಗೆ ಕೊಡು. ಹುಲ್ಲು ತಿಂದು ಬೇಜಾರಾಗಿದ್ರೆ ಬಾಡೂಟ ಮಾಡ್ಲಿ" ಎಂದು ಹೇಳಿ, ಆ ವಾರವೇ ಹಿಂಡು ಹೊಡೆದುಕೊಂಡು ಹರಿಹರಕ್ಕೆ ಹೋಗಿ, ಹೊಳೆಯ ಸೇತುವೆ ದಾಟಿ ಆಚೆ ದಡ ಸೇರಿದಳು.

ಮೂರನೆಯ ವರ್ಷ ಬೆಂಗಳೂರಿನಿಂದ ಕೃಷಿ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರು ಕಾವಲು ನೋಡಲು ಬರುತ್ತಾರೆಂದು ಗೊತ್ತಾಯಿತು. ವಾಮದೇವಪ್ಪ ಶಾಮಿಯಾನ ಹಾಕಿಸಿದರು. ಫೋಟೋ ತೆಗೆಯಲು ದಾವಣಗೆರೆಯ ಮಕ್ತುಮ್ ಸಾಬ್‌ನನ್ನು ಕರೆಸಿದರು. ಸಾಬ್ ಹಿಂದಿನ ದಿನವೇ ಬಂದು, ಒಂದು ಕಣ್ಣು ಮುಚ್ಚಿ ಕಾವಲನ್ನೆಲ್ಲ ನೋಡಿ, ತಲೆಯಲ್ಲಾಡಿಸಿದ.

"ಬರೀ ಹುಲ್ಲು ಐತಲ್ಲ ಸಾವ್ಕಾರ್ರೇ. ಫೋಟೋದಾಗೆ ಇದು ಏನೂ ಕಾಣಲ್ಲ. ಕುರಿ, ಕುರಿ ಕಾಯೋರು ಇದ್ರೆ ರೌನಕ್ ಬರ್ತೈತೆ, ಕಳೆ ಬರ್ತೈತೆ."

ಸಮಿತಿಗೆ ಅದು ದೊಡ್ಡ ಜ್ಞಾನೋದಯವಾಯಿತು. ಹುಲ್ಲುಗಾವಲಿನಲ್ಲಿ ಕುರಿ ಇರಬೇಕು! ಸುತ್ತಲಿನ ಹಟ್ಟಿಗಳಲ್ಲಿ ಕೇಳಿದರು. ಜನ ನಕ್ಕರು, ಬಾಗಿಲು ಹಾಕಿಕೊಂಡರು. ಕೊನೆಗೆ ಗೋಣೆಪ್ಪನನ್ನು ಹರಿಹರಕ್ಕೆ ಓಡಿಸಿದರು.

ರಂಗವ್ವ ಹೊಳೆ ದಂಡೆಯಲ್ಲಿ ಕುರಿಗಳ ಮೈ ತೊಳೆಯುತ್ತಿದ್ದಳು. ಗೋಣೆಪ್ಪ ವಿಷಯ ಹೇಳಿದ. ಹೇಳುತ್ತ ಹೇಳುತ್ತ ಅವನಿಗೇ ನಾಚಿಕೆಯಾಗಿ ಮಾತು ತೊದಲಿತು.

"ಒಂದು ದಿನಕ್ಕೆ?" ಎಂದಳು.

"ಹೂಂ. ಸಂಜೆ ವಾಪಸ್ ಹೊಡ್ಕಂಡು ಹೋಗಬೇಕಂತೆ."

"ಮೇಯಬೌದೋ, ಇಲ್ಲ ಸುಮ್ನೆ ನಿಂತಿರಬೇಕೋ?"

"ಮೇಯಬೌದಕ್ಕಾ." ಮತ್ತೆ ತಾನೇ ಹೇಳಿದ: "ಬ್ಯಾಡ ಅನ್ಸಿದ್ರೆ ಬರಬ್ಯಾಡ. ನಾನೇ ಏನಾದ್ರೂ ಹೇಳ್ಕಂತೀನಿ."

ರಂಗವ್ವ ಸೆರಗು ಹಿಂಡಿಕೊಂಡು ಎದ್ದಳು. "ಬರ್ತೀನಿ" ಎಂದಳು. ಅಷ್ಟು ಸಲೀಸಾಗಿ ಒಪ್ಪಿದ್ದು ನೋಡಿ ಗೋಣೆಪ್ಪನಿಗೆ ದಿಗಿಲಾಯಿತು.

ಮರುದಿನ ಅಧಿಕಾರಿ ಬಂದರು. ಸಣಕಲು ಮನುಷ್ಯ. ಹಾರ ಹಾಕಿಸಿಕೊಂಡು ಕೂಡಲೇ ತೆಗೆದು ಕುರ್ಚಿಗೆ ನೇತುಹಾಕಿ, ಬೂಟು ಹಾಕಿಕೊಂಡೇ ಹುಲ್ಲಿನೊಳಗೆ ನಡೆದರು. ಮಕ್ತುಮ್ ಸಾಬ್ ಕ್ಯಾಮೆರಾ ಹೊತ್ತು ಹಿಂದೆ ಓಡಿದ. ಮುಂದೆ ರಂಗವ್ವನ ಕುರಿಗಳು ತಲೆಯೆತ್ತದೆ ಮೇಯುತ್ತಿದ್ದವು.

"ನಮ್ಮ ಕುರುಬ ಬಂಧುಗಳು ಸಾರ್," ಎಂದರು ವಾಮದೇವಪ್ಪ. "ಇವರಿಗೋಸ್ಕರಾನೇ ಇದೆಲ್ಲ. ಮೊದಲಿಂದ ಇಲ್ಲೇ ಮೇಯಿಸ್ಕಂಡು ಸುಖವಾಗಿದ್ದಾರೆ."

ಅಧಿಕಾರಿ ರಂಗವ್ವನನ್ನು ಕೇಳಿದರು, "ಹೌದೇನಮ್ಮ?"

"ಇವತ್ತು ಮುಂಜಾನೆ ಬಂದೀನ್ರಿ," ಎಂದಳು ರಂಗವ್ವ. "ಸಂಜೀಗೆ ಹೋಗು ಅಂದಾರೆ. ಅಷ್ಟರಾಗೆ ಎಷ್ಟು ಸುಖ ಆಗ್ತೈತೋ ಅಷ್ಟು."

ಶಾಮಿಯಾನದ ಕಡೆ ಯಾರೋ ಕೆಮ್ಮಿದರು. ಅಧಿಕಾರಿ ಬಗ್ಗಿ, ರಸ್ತೆಯಿಂದ ದೂರ ಇದ್ದ ಒಂದು ಹುಲ್ಲಿನ ಬುಡವನ್ನು ಕೈಯಿಂದ ಬಿಡಿಸಿದರು. ಹೊರಗೆ ಬಂಗಾರದಂತೆ ಕಾಣುತ್ತಿದ್ದದ್ದರ ಒಳಗೆ ಹಳೆಯ ವರ್ಷಗಳ ಕಡ್ಡಿ ಒಣಗಿ, ಕೊಳೆತು, ಹೊಸ ಚಿಗುರಿಗೆ ಉಸಿರು ಕಟ್ಟಿಸಿತ್ತು. ನಡುನಡುವೆ ಜಾಲಿ ಸಸಿಗಳು ತಲೆಯೆತ್ತಿದ್ದವು.

"ಮೊದಲ ಎರಡು ವರ್ಷ ಮುಚ್ಚಿದ್ದು ಸರಿ. ಆಮೇಲೆ ಏನನ್ನೂ ಮೇಯಿಸದೆ ಯಾಕೆ ಬಿಟ್ಟಿರಿ? ಹೀಗೇ ಬಿಟ್ಟರೆ ಜಾಲಿ ಕಾಡಾಗುತ್ತೆ, ಇಲ್ಲ ಒಂದು ಬೀಡಿಗೆ ಸುಟ್ಟುಹೋಗುತ್ತೆ. ಅರ್ಧ ಮುಚ್ಚಿ, ಅರ್ಧ ಬಿಡಿ. ವರ್ಷ ವರ್ಷ ಬದಲಾಯಿಸಿ. ಆದೇಶ ಕಳಿಸ್ತೀನಿ." ಅವರು ಸುತ್ತ ನೋಡಿ ಮತ್ತೆ ಕೇಳಿದರು, "ಆ ಬೇಲಿ ಅಲ್ಲಿ ಯಾಕೆ ಸೊಟ್ಟಗಿದೆ?"

"ಅಲ್ಲಿ ಬಂಡೆ ಇತ್ತು ಸಾರ್" ಎಂದರು ವಾಮದೇವಪ್ಪ. ಬಂಡೆ ಇದ್ದ ಜಾಗದಲ್ಲಿ ಹತ್ತಿ ಒಡೆದು ಬೆಳ್ಳಗೆ ನಗುತ್ತಿತ್ತು. ಅಧಿಕಾರಿ ಅದನ್ನು ನೋಡಿದರು, ವಾಮದೇವಪ್ಪನವರನ್ನೂ ನೋಡಿದರು, ಜೀಪು ಹತ್ತಿದರು. ಅಧಿಕಾರಿಯ ಧೈರ್ಯ ಅಲ್ಲಿಗೆ ಮುಗಿಯಿತು ಎಂದು ಕಾಣುತ್ತದೆ.

ಜೀಪಿನ ಧೂಳು ಇಳಿಯುವ ಮೊದಲೇ ವಾಮದೇವಪ್ಪ ಕೂಗಾಡಿದರು. "ಏ ಗೋಣೆಪ್ಪ, ಹೊರಗೆ ಹೊಡಿ ಆ ಕುರಿನೆಲ್ಲ! ಈಗಿಂದೀಗ!"

ರಂಗವ್ವ ಕಂಬಳಿ ಹಾಸಿ ಕೂತಾಗಿತ್ತು. "ಸಾಹೇಬ್ರು ಅರ್ಧ ಬಿಡ್ರಿ ಅಂದ್ರಲ್ಲ. ನಾ ಕೂತಿರೋದು ಆ ಅರ್ಧದಾಗೆ" ಎಂದಳು.

ಗೋಣೆಪ್ಪ ಅಕ್ಕನ ಮುಖ ನೋಡಿದ. ಅವಳು ಅವನ ಕಡೆ ನೋಡಲೂ ಇಲ್ಲ. ದೊಡ್ಡಿಯ ಬಿಸಿಲು, ಕಾಲು ಚಾಚಿದ ಕುರಿ ನೆನಪಾದವು.

"ನನ್ನ ಕೈಲಿ ಆಗಾಕಿಲ್ರಿ. ನೀವೇ ಹೊಡೀರಿ" ಎಂದ.

ಸಾವ್ಕಾರರು ಸಿಟ್ಟಿನ ಭರದಲ್ಲಿ ನಿಜವಾಗಿಯೂ ಹೊಡೆಯಲು ಹೋದರು. ಪಂಚೆ ಎತ್ತಿ ಕಟ್ಟಿ, ಕೊಡೆ ಬೀಸುತ್ತ ಹಿಂಡಿನೊಳಗೆ ನುಗ್ಗಿದರು. ಕುರಿಗಳು ಎರಡಾಗಿ ಸೀಳಿಕೊಂಡು, ಅವರ ಹಿಂದೆ ಮತ್ತೆ ಕೂಡಿಕೊಂಡು ಮೇಯತೊಡಗಿದವು. ಮತ್ತೆ ನುಗ್ಗಿದರು, ಮತ್ತೆ ಹಾಗೆಯೇ. ಮೂರನೆಯ ಸಲಕ್ಕೆ ಟಗರೊಂದು ಬೇಸತ್ತು ಹಿಂದಿನಿಂದ ಗುದ್ದಿತು. ಅಧ್ಯಕ್ಷರು ತಾವೇ ಉದ್ಧಾರ ಮಾಡಿದ ಹುಲ್ಲಿನಲ್ಲಿ ಮುಖ ಅಡಿಯಾಗಿ ಬಿದ್ದರು. ಎದ್ದಾಗ ಖಾದಿಯ ತುಂಬ ಕರಡದ ಮುಳ್ಳು. ಸಮಿತಿಯ ಸದಸ್ಯರೆಲ್ಲ ಸುತ್ತ ಕೂತು ಅದನ್ನು ಒಂದೊಂದಾಗಿ ಕಿತ್ತರು. ಹುಲ್ಲಿಗಾಗಿ ಆ ಸಮಿತಿ ಕೈಯಾರೆ ಮಾಡಿದ ಕೆಲಸ ಅದೊಂದೇ.

ಸಾಯಂಕಾಲದ ಹೊತ್ತಿಗೆ ಸುದ್ದಿ ಹಬ್ಬಿ, ಬಾಗಿಲು ಹಾಕಿಕೊಂಡಿದ್ದ ಹಟ್ಟಿಗಳವರೂ ಹಿಂಡು ಹೊಡೆದುಕೊಂಡು ಬಂದರು. ಅಷ್ಟು ಜನರನ್ನು ಓಡಿಸುವುದು ಯಾರಿಂದಲೂ ಆಗಲಿಲ್ಲ. ಆಮೇಲೆ ಆದೇಶವೂ ಬಂತು. ಅರ್ಧ ಮುಚ್ಚಿದರು, ಅರ್ಧ ಬಿಟ್ಟರು. ಮೇದ ಕಡೆ ಮುಂಗಾರಿಗೆ ಹಸಿರು ದಟ್ಟವಾಗಿ ಎದ್ದಿತು. ಬೇಲಿಯ ವಿರುದ್ಧ ಒಂದು ಮಾತೂ ಆಡದಿದ್ದ ಗಂಡಸರು ಈಗ ತಮ್ಮ ಸರದಿ ಯಾವಾಗ ಎಂದು ಸರದಿಯ ಲೆಕ್ಕ ಹಿಡಿದಿದ್ದ ರಂಗವ್ವನೊಡನೆ ದಿನಾ ಜಗಳಕ್ಕೆ ನಿಂತರು. ಅವಳು ಅವರಿಗೂ ಸಾವ್ಕಾರರಿಗಿಂತ ಹೆಚ್ಚಿನ ಮರ್ಯಾದೆ ಕೊಡಲಿಲ್ಲ.

ಎರಡು ವರ್ಷದ ಮೇಲೆ ದಾವಣಗೆರೆಯಲ್ಲಿ ವಾಮದೇವಪ್ಪನವರಿಗೆ ಸನ್ಮಾನವಾಯಿತು. ಕುರಿ ಮೇಯಿಸುತ್ತಲೇ ಹುಲ್ಲು ಉಳಿಸುವ ಸರದಿ ಪದ್ಧತಿಯನ್ನು ಈ ಸೀಮೆಗೆ ತಂದವರು ಎಂದು ಹೊಗಳಿ ಶಾಲು ಹೊದಿಸಿದರು. ಅವರು ಕಣ್ಣೀರು ಒರೆಸಿಕೊಂಡು, ಕುರಿ ಕಂಡರೆ ತಮಗೆ ಚಿಕ್ಕಂದಿನಿಂದಲೂ ಪ್ರೀತಿ ಎಂದರು.

ಗೋಣೆಪ್ಪ ಅದನ್ನು ಕಣ್ಣಾರೆ ನೋಡಿ ಬಂದು ಅಕ್ಕನಿಗೆ ಹೇಳಿದ. ಅವಳು ರಾಗಿ ಮುದ್ದೆ ತಿರುವುತ್ತಿದ್ದಳು.

"ಟಗರಿಗೆ ಏನಾದ್ರೂ ಹೊದಿಸಿದ್ರೇನು?" ಎಂದಳು.

"ಇಲ್ಲಕ್ಕಾ."

"ಮತ್ತೆ ಆ ಸುದ್ದಿ ನನಗ್ಯಾಕೆ? ಕೂತ್ಕ."

ಅವನು ಕೂತ. ದೊಡ್ಡಿಯ ದಿನದಿಂದ ಈಚೆಗೆ ಅವಳು ಅವನಿಗೆ ಕೂರಲು ಹೇಳಿದ್ದು ಅದೇ ಮೊದಲು. ತಟ್ಟೆ ಅವನ ಮುಂದೆ ತಳ್ಳಿದಳು. ಸಾರು ಬಡಿಸುವಾಗ ಮಾತ್ರ ಅವನ ಮುಖ ನೋಡಲಿಲ್ಲ.